ಎಕ್ಸ್‌ಟರ್ನಲ್ ಡ್ರೈವ್ ಸಿಕ್ಕಿಸಿದ್ದರೂ ಬ್ಯಾಕಪ್ ಆಗದಿದ್ದರೆ: ಎಲ್ಲಿಂದ ಹುಡುಕಬೇಕು, ಏನನ್ನು ಮುಟ್ಟಬಾರದು

ಡ್ರೈವ್ ಸಿಕ್ಕಿಸಿದೆ, ಅದರ ದೀಪವೂ ಉರಿಯುತ್ತಿದೆ, ಆದರೂ ‘ಬ್ಯಾಕಪ್ ಪೂರ್ಣಗೊಳ್ಳಲಿಲ್ಲ’ ಎಂದು ವಿಂಡೋಸ್ ಹೇಳುತ್ತಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬ್ಯಾಕಪ್ ತಂತ್ರಾಂಶದ ಸೆಟ್ಟಿಂಗ್ ಒಂದೊಂದನ್ನೇ ಬದಲಿಸುತ್ತಾ ಹೋಗುತ್ತಾರೆ. ಅದು ತಲೆಕೆಳಗಾದ ಕ್ರಮ. ಕೇಬಲ್, ವಿದ್ಯುತ್ತು, ಡಿಸ್ಕಿನ ಆರೋಗ್ಯ, ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ), ಖಾಲಿ ಜಾಗ, ತಂತ್ರಾಂಶ, ಈ ಕ್ರಮದಲ್ಲೇ ನೋಡಬೇಕು. ಕೆಳಗಿನ ಮೆಟ್ಟಿಲು ಸರಿಯಿಲ್ಲದಿದ್ದರೆ ಮೇಲಿನದನ್ನು ಎಷ್ಟು ತಿದ್ದಿದರೂ ಫಲವಿಲ್ಲ. ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ.

ಶುರು ಮಾಡುವ ಮುಂಚೆ ಒಂದು ಎಚ್ಚರಿಕೆ. ಡ್ರೈವ್ ಸಿಕ್ಕಿಸಿದೊಡನೆ ‘ಈ ಡಿಸ್ಕನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಕಿಟಕಿ ಬಂದರೆ ‘ಕ್ಯಾನ್ಸಲ್’ ಒತ್ತಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ‘ಇನಿಶಿಯಲೈಸ್ ಮಾಡಿ’ ಎಂದು ಕೇಳಿದರೂ ಅದೇ ಉತ್ತರ. ಹಳೆಯ ಬ್ಯಾಕಪ್ ಇರುವ ಡ್ರೈವಿನಲ್ಲಿ ಇವೆರಡೂ ಸಾಮಾನ್ಯವಾಗಿ ಕೇಬಲ್ ದೋಷದಿಂದಲೋ ಫೈಲ್ ಸಿಸ್ಟಂ ಕೆಟ್ಟದ್ದರಿಂದಲೋ ಬರುತ್ತವೆ. ಒಳಗಿನ ಕಡತಗಳು ಇನ್ನೂ ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಆತುರದಲ್ಲಿ ‘ಸರಿ’ ಒತ್ತಿದ ಮೇಲೆ ಅವನ್ನು ಹೊರತೆಗೆಯುವುದು ಬಹಳ ಕಷ್ಟ, ಖರ್ಚೂ ಜಾಸ್ತಿ.

ತಪ್ಪು ಡ್ರೈವಿನದೋ ತಂತ್ರಾಂಶದ್ದೋ: ಒಂದು ಪರೀಕ್ಷೆ

ಸುಮಾರು 20 ಜಿಬಿ ತೂಗುವ ಒಂದು ಕಡತವನ್ನೋ, ವಿಡಿಯೋಗಳಿರುವ ಫೋಲ್ಡರನ್ನೋ ಆರಿಸಿ, ಬ್ಯಾಕಪ್ ತಂತ್ರಾಂಶವನ್ನು ಮುಟ್ಟದೆ, ಕೈಯಾರೆ ಎಕ್ಸ್‌ಟರ್ನಲ್ ಡ್ರೈವಿಗೆ ಕಾಪಿ ಮಾಡಿ. ಎರಡು ಸಂಗತಿ ಗಮನಿಸಿ. ಮೊದಲನೆಯದು, ನಡುವೆ ಡ್ರೈವ್ ಮಾಯವಾಗಿ ಮತ್ತೆ ಕಾಣಿಸಿಕೊಂಡಿತೇ? ವಿಂಡೋಸ್‌ನ ‘ಟಿಣ್’ ಸದ್ದು ಎರಡು ಸಲ ಕೇಳಿದರೆ ಆಗಿರುವುದು ಅದೇ. ಎರಡನೆಯದು, ಎಷ್ಟು ಹೊತ್ತು ಹಿಡಿಯಿತು? ಯುಎಸ್‌ಬಿ 3 ಸಂಪರ್ಕದಲ್ಲಿ ಸೆಕೆಂಡಿಗೆ 100 ಎಂಬಿಯಂತೆ ಬರೆಯುವ ಹಾರ್ಡ್ ಡಿಸ್ಕಿಗೆ 20 ಜಿಬಿ ಸುಮಾರು ಮೂರೂವರೆ ನಿಮಿಷದ ಕೆಲಸ. ಒಂಬತ್ತು ಹತ್ತು ನಿಮಿಷ ಬೇಕಾಯಿತೆಂದರೆ ಡ್ರೈವ್ ಯುಎಸ್‌ಬಿ 2 ವೇಗಕ್ಕೆ, ಅಂದರೆ ಸೆಕೆಂಡಿಗೆ 35 ಎಂಬಿ ಆಸುಪಾಸಿಗೆ, ಇಳಿದಿದೆ ಎಂದು ತಿಳಿಯಿರಿ.

ಕಾಪಿ ಮುಗಿದ ಮೇಲೆ ಅದು ನಿಜವಾಗಿ ಸರಿಯಾಗಿದೆಯೇ ಎಂದು ತಾಳೆ ನೋಡಬೇಕು. 7-ಜಿಪ್ ಹಾಕಿಕೊಂಡಿದ್ದರೆ ಕಡತದ ಮೇಲೆ ಬಲ ಕ್ಲಿಕ್ ಮಾಡಿ ‘ಸಿಆರ್‌ಸಿ ಎಸ್‌ಎಚ್‌ಎ’ ಪಟ್ಟಿಯಲ್ಲಿ ‘ಎಸ್‌ಎಚ್‌ಎ-256’ ಆರಿಸಿ, ಕಡತದ ಬೆರಳಚ್ಚಿನಂಥ ಒಂದು ಉದ್ದ ಸಂಖ್ಯೆ ಬರುತ್ತದೆ. ವಿಂಡೋಸ್ 11ರಲ್ಲಿ ಇದು ಕಾಣದಿದ್ದರೆ ಮೊದಲು ‘ಶೋ ಮೋರ್ ಆಪ್ಷನ್ಸ್’ ಒತ್ತಬೇಕು. ಕಾಪಿ ಆದ ತಕ್ಷಣ ತಾಳೆ ನೋಡಬೇಡಿ. ಡ್ರೈವನ್ನು ಇಜೆಕ್ಟ್ ಮಾಡಿ, ತೆಗೆದು ಮತ್ತೆ ಸಿಕ್ಕಿಸಿದ ನಂತರ ನೋಡಿ. ಇಲ್ಲದಿದ್ದರೆ ವಿಂಡೋಸ್ ಡಿಸ್ಕನ್ನು ಓದದೆ ತನ್ನ ಮೆಮೊರಿಯಲ್ಲಿ ಉಳಿದದ್ದನ್ನೇ ಓದಿ ಒಪ್ಪಿಸಿಬಿಡಬಹುದು. ಮೂಲದ ಸಂಖ್ಯೆಯೂ ಪ್ರತಿಯ ಸಂಖ್ಯೆಯೂ ಒಂದೇ ಆಗಿದ್ದು, ಕಾಪಿ ತಡೆಯಿಲ್ಲದೆ ಮುಗಿದಿದ್ದರೆ ಯಂತ್ರಾಂಶ ಬಹುಪಾಲು ಸರಿಯಾಗಿದೆ. ನೇರ ‘ಫೈಲ್ ಸಿಸ್ಟಂ’ ಭಾಗಕ್ಕೆ ಹೋಗಿ. ಕಾಪಿ ನಡುವೆ ಕಡಿದುಬಿದ್ದರೆ ಮುಂದಿನ ಎರಡು ಭಾಗಗಳನ್ನು ಬಿಡದೆ ಓದಿ.

ಕೇಬಲ್, ಪೋರ್ಟ್, ವಿದ್ಯುತ್ತು

ಬ್ಯಾಕಪ್ ಎಂದರೆ ಡ್ರೈವಿಗೆ ಗಂಟೆಗಟ್ಟಲೆ ಬಿಡುವಿಲ್ಲದ ಕೆಲಸ. ನಾಲ್ಕು ಫೋಟೊ ಕಾಪಿ ಮಾಡುವಾಗ ತಲೆದೋರದ ಸಂಪರ್ಕದೋಷ ಮೂರನೆಯ ಗಂಟೆಯಲ್ಲಿ ಹೊರಬರುವುದು ಇದಕ್ಕೇ. 80070079 (ಕಾಯುವ ಅವಧಿ ಮುಗಿಯಿತು) ಅಥವಾ 8007045ಡಿ (ಸಾಧನದ ಓದು-ಬರಹ ದೋಷ) ಎಂಬ ಸಂಖ್ಯೆ ಬಂದರೆ ಮೊದಲ ಸಂಶಯ ಕೇಬಲ್ಲಿನ ಮೇಲೇ ಇರಲಿ. ಪರದೆಯಲ್ಲಿ ಈ ಸಂಖ್ಯೆಗಳ ಮುಂದೆ ಸೊನ್ನೆ ಮತ್ತು ಎಕ್ಸ್ ಅಕ್ಷರ ಇರುತ್ತವೆ.

2.5 ಇಂಚಿನ ಪೋರ್ಟಬಲ್ ಡಿಸ್ಕಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ, ಪೋರ್ಟಿನಿಂದಲೇ ವಿದ್ಯುತ್ತು ಎಳೆಯುತ್ತದೆ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಪೋರ್ಟ್ 900. ಡಿಸ್ಕಿನ ತಟ್ಟೆ ತಿರುಗಲು ಶುರುವಾಗುವ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು ಬೇಕಾಗಬಹುದು. ವಿದ್ಯುತ್ತು ಸಾಲದಾದಾಗ ‘ಟಿಕ್ ಟಿಕ್’ ಸದ್ದು ಬರುತ್ತದೆ, ಡ್ರೈವ್ ಬಂದು ಹೋಗಿ ಮಾಡುತ್ತದೆ. ಕೆಟ್ಟ ಡಿಸ್ಕೂ ಇದೇ ಸದ್ದು ಮಾಡುವುದರಿಂದ, ಕೇಬಲ್ ಮತ್ತು ಪೋರ್ಟ್ ಬದಲಿಸಿ ನೋಡುವ ಮುಂಚೆ ಡಿಸ್ಕ್ ಹೋಯಿತೆಂದು ತೀರ್ಮಾನಿಸಬೇಡಿ.

ಹೀಗೆ ಮಾಡಿ. ಹಬ್, ಎಕ್ಸ್‌ಟೆನ್ಷನ್ ಕೇಬಲ್, ಡಾಕ್ ಎಲ್ಲ ತೆಗೆದು ಡ್ರೈವನ್ನು ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿ. ಡೆಸ್ಕ್‌ಟಾಪ್ ಆಗಿದ್ದರೆ ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟ್ ಬೇಡ. ಅದರಿಂದ ಮದರ್‌ಬೋರ್ಡಿಗೆ ಒಳಗೊಂದು ತೆಳು ಕೇಬಲ್ ಹೋಗಿರುತ್ತದೆ, ಅಲ್ಲಿ ವೋಲ್ಟೇಜೂ ಸಂಕೇತವೂ ಕುಗ್ಗುತ್ತವೆ. ಹಿಂಭಾಗದಲ್ಲಿ ಮದರ್‌ಬೋರ್ಡಿಗೇ ಅಂಟಿಕೊಂಡ ಪೋರ್ಟನ್ನು ಬಳಸಿ. ಆಮೇಲೆ ಕೇಬಲ್ ಬದಲಿಸಿ. ಅಗಲವಾದ, ನಡುವೆ ಕಚ್ಚು ಇರುವ ಯುಎಸ್‌ಬಿ 3 ಮೈಕ್ರೊ-ಬಿ ತುದಿ ಬೇಗ ಸಡಿಲಾಗುತ್ತದೆ. ಡ್ರೈವಿನ ಬದಿಯಲ್ಲಿ ಮೆಲ್ಲಗೆ ಅಲುಗಾಡಿಸಿದರೆ ದೀಪ ಆರಿ ಹತ್ತುವುದಾದರೆ ಕಾರಣ ಸಿಕ್ಕಂತೆಯೇ. ಟೈಪ್-ಸಿ ಡ್ರೈವಿಗೆ ಮೊಬೈಲ್ ಚಾರ್ಜರಿನ ಕೇಬಲ್ ಹಾಕುವ ರೂಢಿ ಬಹಳವಿದೆ. ಅಂಥ ಹೆಚ್ಚಿನ ಕೇಬಲ್ಲುಗಳಲ್ಲಿ ಯುಎಸ್‌ಬಿ 2ರ ತಂತಿಗಳಷ್ಟೇ ಇರುತ್ತವೆ, ಕೆಲವದರಲ್ಲಿ ಮಾಹಿತಿಯ ತಂತಿಯೇ ಇರುವುದಿಲ್ಲ. ಡ್ರೈವಿನ ಜೊತೆ ಬಂದ ಮೋಟು ಕೇಬಲ್ ಎಲ್ಲಿದೆಯೆಂದು ಹುಡುಕುವುದೇ ವಾಸಿ.

3.5 ಇಂಚಿನ ಮೇಜಿನ ಡ್ರೈವಾದರೆ ಅಡಾಪ್ಟರನ್ನು ಪರೀಕ್ಷಿಸಿ. ಹೆಚ್ಚಿನವಕ್ಕೆ ಬೇಕಾಗುವುದು 12 ವೋಲ್ಟ್, ಆದರೆ ಎಲ್ಲಕ್ಕೂ ಅಲ್ಲ. ಡ್ರೈವಿನ ಅಡಿಯ ಚೀಟಿಯಲ್ಲಿ ಬರೆದದ್ದೂ ಅಡಾಪ್ಟರಿನ ಮೇಲಿರುವುದೂ ಒಂದೇ ವೋಲ್ಟ್ ಆಗಿರಬೇಕು. ಆಂಪಿಯರ್ ಸಮ ಅಥವಾ ಹೆಚ್ಚಿರಬೇಕು. ಪಿನ್ ಹೊಂದಿಕೊಂಡಿತೆಂದು 19 ವೋಲ್ಟಿನ ಅಡಾಪ್ಟರನ್ನು 12 ವೋಲ್ಟಿನ ಡ್ರೈವಿಗೆ ಹಾಕಿದರೆ ಒಳಗಿನ ಬೋರ್ಡ್ ಸುಟ್ಟುಹೋಗುತ್ತದೆ.

ಇಷ್ಟಾದರೂ ನಡುರಾತ್ರಿ ಸಂಪರ್ಕ ಕಡಿಯುವುದು ನಿಲ್ಲದಿದ್ದರೆ, ಅದು ವಿಂಡೋಸ್‌ನ ವಿದ್ಯುತ್ ಉಳಿತಾಯದ ಕೆಲಸವಾಗಿರಬಹುದು. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಸುಧಾರಿತ ಸೆಟ್ಟಿಂಗ್ ತೆರೆದು ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಅನ್ನು ‘ಡಿಸೇಬಲ್ಡ್’ ಮಾಡಿ. ಡಿವೈಸ್ ಮ್ಯಾನೇಜರಿನಲ್ಲಿ ಪ್ರತಿ ‘ಯುಎಸ್‌ಬಿ ರೂಟ್ ಹಬ್’ನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ‘ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು’ ಎಂಬುದರ ಗುರುತು ತೆಗೆಯಿರಿ. ಕಂಪ್ಯೂಟರೇ ಸ್ಲೀಪ್‌ಗೆ ಹೋಗುವ ಅವಧಿಯನ್ನೂ ಮೊದಲ ಪೂರ್ಣ ಬ್ಯಾಕಪ್ ಮುಗಿಯುವ ತನಕ ‘ನೆವರ್’ಗೆ ಇಡಿ.

ಡಿಸ್ಕಿನ ಆರೋಗ್ಯ: ಈವೆಂಟ್ ವ್ಯೂವರ್ ಮತ್ತು ಸ್ಮಾರ್ಟ್

ಬ್ಯಾಕಪ್ ತಂತ್ರಾಂಶ ‘ಏನೋ ತಪ್ಪಾಗಿದೆ’ ಎಂದು ಸುಮ್ಮನಾದರೂ ವಿಂಡೋಸ್ ನಿಜ ಕಾರಣವನ್ನು ಬೇರೊಂದು ಕಡೆ ಬರೆದಿಟ್ಟಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ‘ಈವೆಂಟ್ ವ್ಯೂವರ್’ ಹುಡುಕಿ, ‘ವಿಂಡೋಸ್ ಲಾಗ್ಸ್’ ಕೆಳಗಿನ ‘ಸಿಸ್ಟಂ’ ತೆರೆದು, ಬ್ಯಾಕಪ್ ನಿಂತ ಸಮಯಕ್ಕೆ ಹೋಗಿ. ಮೂಲ (ಸೋರ್ಸ್) ‘ಡಿಸ್ಕ್’ ಎಂದಿದ್ದು ಸಂಖ್ಯೆ (ಈವೆಂಟ್ ಐಡಿ) 157 ಆಗಿದ್ದರೆ ಡ್ರೈವ್ ಹೇಳದೆ ಕೇಳದೆ ಕಳಚಿಕೊಂಡಿದೆ, ಅಂದರೆ ಮತ್ತೆ ಕೇಬಲ್ ಮತ್ತು ವಿದ್ಯುತ್ತಿನ ಸಂಗತಿ. 153 ಇದ್ದರೆ ಒಂದು ಓದು ಅಥವಾ ಬರಹವನ್ನು ಮತ್ತೆ ಯತ್ನಿಸಬೇಕಾಯಿತು. 7 ಇದ್ದರೆ ಕೆಟ್ಟ ಸೆಕ್ಟರ್, ಅಂದರೆ ಡಿಸ್ಕಿನ ಒಂದು ಪುಟ್ಟ ತುಂಡು ಹಾಳಾಗಿದೆ. ಮೂಲ ‘ಎನ್‌ಟಿಎಫ್‌ಎಸ್’, ಸಂಖ್ಯೆ 55 ಎಂದಿದ್ದರೆ ಫೈಲ್ ಸಿಸ್ಟಂ ಕೆಟ್ಟಿದೆ. ಯಾವ ಡಿಸ್ಕ್ ಎಂಬುದನ್ನು ತಪ್ಪದೆ ಓದಿ: ‘ಹಾರ್ಡ್‌ಡಿಸ್ಕ್ 0’ ಸಾಮಾನ್ಯವಾಗಿ ಕಂಪ್ಯೂಟರಿನ ಒಳಗಿನ ಡಿಸ್ಕ್. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿರುವ ಕ್ರಮಸಂಖ್ಯೆಯೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳಿ. ಎಕ್ಸ್‌ಟರ್ನಲ್ ಡ್ರೈವಿನ ಮೇಲೆ ತಪ್ಪು ಹೊರಿಸುತ್ತಿರುವಾಗ ಒಳಗಿನ ಡಿಸ್ಕೇ ಓದಲಾಗದೆ ಸೋಲುತ್ತಿರುವುದು ಅಪರೂಪವೇನಲ್ಲ. ಹಾಗಿದ್ದರೆ ಅದು ಈ ಇಡೀ ಬರಹದಲ್ಲೇ ಅತ್ಯಂತ ತುರ್ತಿನ ಸಂಗತಿ. ಬೇರೆಲ್ಲ ಬಿಟ್ಟು ಮುಖ್ಯ ಕಡತಗಳನ್ನು ಮೊದಲು ಬೇರೆ ಡ್ರೈವಿಗೆ ಕಾಪಿ ಮಾಡಿ.

ಇನ್ನು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕಕ್ಕೆ ‘ಸ್ಮಾರ್ಟ್’ ಎನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಮೂರು ಸಾಲು ಮುಖ್ಯ: 05 (ಬದಲಿ ಸೆಕ್ಟರಿಗೆ ಸ್ಥಳಾಂತರವಾದವು), ಸಿ5 (ಓದಲಾಗದೆ ತೀರ್ಮಾನಕ್ಕೆ ಕಾದಿರುವವು), ಸಿ6 (ಸರಿಪಡಿಸಲಾಗದವು). ಅವುಗಳ ‘ರಾ’ ಅಂಕಣದ ಸಂಖ್ಯೆ ಸೊನ್ನೆಯಿರಬೇಕು. ಅಲ್ಲಿ ಕಾಣುವುದು ಹೆಕ್ಸಾಡೆಸಿಮಲ್ ಎಂಬುದು ನೆನಪಿರಲಿ. 10 ಎಂದಿದ್ದರೆ ಅದು ಹದಿನಾರು. ಸಿ5 ಸೊನ್ನೆಗಿಂತ ಹೆಚ್ಚಿದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡ್ರೈವನ್ನು ಬ್ಯಾಕಪ್‌ಗೆ ನಂಬಬೇಡಿ, ಬದಲಿಸಿ. ಸಿ7 ಸಾಲು ಕೇಬಲ್ ದೋಷ ತೋರಿಸುತ್ತದೆ ಎಂಬ ಮಾತಿದೆ. ಆದರೆ ಎಕ್ಸ್‌ಟರ್ನಲ್ ಡ್ರೈವಿನಲ್ಲಿ ಅದು ಎಣಿಸುವುದು ಪೆಟ್ಟಿಗೆಯೊಳಗೆ ಡಿಸ್ಕ್ ಮತ್ತು ಯುಎಸ್‌ಬಿ ಬೋರ್ಡಿನ ನಡುವಿನ ತಪ್ಪುಗಳನ್ನಷ್ಟೇ. ಹೊರಗಿನ ಯುಎಸ್‌ಬಿ ಕೇಬಲ್ ಹಾಳಾಗಿದ್ದರೂ ಅದು ಸೊನ್ನೆಯೇ ಇರಬಹುದು.

ಬ್ಯಾಕಪ್ ಶುರುವಿನಲ್ಲಿ ವೇಗವಾಗಿದ್ದು, ಆಮೇಲೆ ಸೆಕೆಂಡಿಗೆ ಹತ್ತಿಪ್ಪತ್ತು ಎಂಬಿಗೆ ಕುಸಿದು, ಮತ್ತೆ ಏರಿ ಇಳಿಯುತ್ತಿದ್ದರೆ ಅದು ಎಸ್‌ಎಂಆರ್ ಬಗೆಯ ಡಿಸ್ಕ್ ಇರಬಹುದು. ಅಂಥವು ಪಕ್ಕದ ಪಥಗಳನ್ನು ಒಂದರ ಮೇಲೊಂದು ತುಸು ಹೊದಿಸಿ ಬರೆಯುತ್ತವೆ, ಹಾಗಾಗಿ ಇದ್ದದ್ದನ್ನು ತಿದ್ದಲು ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕು. 2.5 ಇಂಚಿನ ಪೋರ್ಟಬಲ್ ಡಿಸ್ಕುಗಳಲ್ಲಿ ಇದು ಬಹಳ ಸಾಮಾನ್ಯ. ದೋಷವಲ್ಲ, ಸ್ವಭಾವ. ಮೊದಲ ಪೂರ್ಣ ಬ್ಯಾಕಪ್‌ಗೆ ಇಡೀ ರಾತ್ರಿ ಕೊಡಿ, ನಡುವೆ ಕೀಳಬೇಡಿ.

ಫೈಲ್ ಸಿಸ್ಟಂ, ಮತ್ತು ಸುಳ್ಳು ಅಳತೆಯ ಡ್ರೈವ್

ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ‘ಫ್ಯಾಟ್32’ ಎಂದಿದ್ದರೆ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಒಂದೇ ಒಂದು ಕಡತವೂ ಅದರಲ್ಲಿ ಹಿಡಿಯದು, ಎಷ್ಟೇ ಜಾಗ ಖಾಲಿಯಿದ್ದರೂ. ‘ಎಕ್ಸ್‌ಫ್ಯಾಟ್’ನಲ್ಲಿ ದೊಡ್ಡ ಕಡತ ಕೂರುತ್ತದೆ, ಆದರೆ ವಿಂಡೋಸ್ ಸಿಸ್ಟಂ ಇಮೇಜ್ (ವಿಂಡೋಸ್ ಸಮೇತ ಇಡೀ ಡಿಸ್ಕಿನ ಪ್ರತಿ) ಅದನ್ನು ಒಪ್ಪುವುದಿಲ್ಲ, ಜೊತೆಗೆ ಬರೆಯುವ ನಡುವೆ ಕರೆಂಟ್ ಹೋದರೆ ಅದಕ್ಕೆ ಚೇತರಿಸಿಕೊಳ್ಳುವ ದಾಖಲೆಯ ವ್ಯವಸ್ಥೆ ಇಲ್ಲ. ವಿಂಡೋಸ್ ಬ್ಯಾಕಪ್‌ಗೆ ‘ಎನ್‌ಟಿಎಫ್‌ಎಸ್’ ಇರಲಿ. ಫ್ಯಾಟ್32 ಅನ್ನು ವಿಂಡೋಸ್‌ನ ‘ಕನ್ವರ್ಟ್’ ಆದೇಶದಿಂದ ಕಡತ ಅಳಿಸದೆ ಬದಲಿಸಬಹುದು. ಎಕ್ಸ್‌ಫ್ಯಾಟ್‌ಗೆ ಆ ದಾರಿಯಿಲ್ಲ, ಒಳಗಿನದನ್ನು ಬೇರೆಡೆಗೆ ಸಾಗಿಸಿ ಫಾರ್ಮ್ಯಾಟ್ ಮಾಡಬೇಕು.

ಎನ್‌ಟಿಎಫ್‌ಎಸ್ ಆಗಿದ್ದೂ ದೋಷ ಬರುತ್ತಿದ್ದರೆ ಅದೇ ಪ್ರಾಪರ್ಟೀಸ್‌ನ ‘ಟೂಲ್ಸ್’ ಪುಟದಲ್ಲಿ ‘ಚೆಕ್’ ಒತ್ತಿ. ಸ್ಮಾರ್ಟ್ ಲೆಕ್ಕ ಕೆಟ್ಟಿರುವ ಡಿಸ್ಕಿನ ಮೇಲೆ ಮಾತ್ರ ಇದನ್ನು ಮಾಡಬೇಡಿ. ಸಾಯುತ್ತಿರುವ ಡಿಸ್ಕಿನಿಂದ ಮೊದಲು ಕಡತ ಹೊರತೆಗೆಯಬೇಕು, ದುರಸ್ತಿ ಆಮೇಲೆ.

ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕಿದ 2 ಟಿಬಿ ಪೆನ್‌ಡ್ರೈವ್ ಅಥವಾ ಪುಟ್ಟ ಎಸ್‌ಎಸ್‌ಡಿ ನಿಮ್ಮದಾಗಿದ್ದರೆ ಇದನ್ನು ಓದಲೇಬೇಕು. ಇಂಥ ನಕಲಿ ಸಾಧನಗಳಲ್ಲಿ 32 ಅಥವಾ 64 ಜಿಬಿಯಷ್ಟೇ ನಿಜ ಮೆಮೊರಿಯಿದ್ದು, ಅಳತೆಯನ್ನು ಮಾತ್ರ ಸುಳ್ಳು ಹೇಳುವಂತೆ ತಿದ್ದಿರುತ್ತಾರೆ. ನಿಜ ಜಾಗ ಮುಗಿದ ಮೇಲೂ ಕಾಪಿ ಯಶಸ್ವಿಯಾದಂತೆ ಕಾಣುತ್ತದೆ, ತೆರೆದರೆ ಕಡತ ಹಾಳು. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಡ್ರೈವನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ಸತ್ಯ ಹೇಳುತ್ತದೆ. ಡ್ರೈವ್ ಖಾಲಿ ಮಾಡಿಯೇ ನಡೆಸಬೇಕು. ಅಂದಹಾಗೆ, 1 ಟಿಬಿ ಡ್ರೈವ್ 931 ಜಿಬಿ ಎಂದು ತೋರಿಸುವುದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲೂ ವಿಂಡೋಸ್ 1024ರ ಲೆಕ್ಕದಲ್ಲೂ ಎಣಿಸುತ್ತಾರೆ.

‘ಜಾಗವಿಲ್ಲ’ ಎಂದಾಗ ಯಾವ ಜಾಗ?

ಸಿಸ್ಟಂ ಇಮೇಜ್ ತೆಗೆಯುವಾಗ 80780119 ಬಂದರೆ ಜನ ಎಕ್ಸ್‌ಟರ್ನಲ್ ಡ್ರೈವ್ ಖಾಲಿ ಮಾಡಲು ಹೊರಡುತ್ತಾರೆ. ಅಲ್ಲಿ 800 ಜಿಬಿ ಖಾಲಿಯಿದ್ದರೂ ಈ ದೋಷ ಬರುತ್ತದೆ. ಬಳಕೆಯಲ್ಲಿರುವ ಕಡತಗಳನ್ನು ಬ್ಯಾಕಪ್ ಮಾಡಲು ವಿಂಡೋಸ್ ಪ್ರತಿಯೊಂದು ಪಾರ್ಟಿಷನ್ನಿನ (ಡಿಸ್ಕನ್ನು ಹಂಚಿದ ಭಾಗದ) ಆ ಕ್ಷಣದ ಪ್ರತಿಯನ್ನು, ಅಂದರೆ ಶ್ಯಾಡೊ ಕಾಪಿಯನ್ನು, ಹಿಡಿಯುತ್ತದೆ. ಅದಕ್ಕೆ 500 ಎಂಬಿಗಿಂತ ಚಿಕ್ಕ ಪಾರ್ಟಿಷನ್ನಿನಲ್ಲಿ ಕನಿಷ್ಠ 50 ಎಂಬಿ, ಅದಕ್ಕಿಂತ ದೊಡ್ಡದರಲ್ಲಿ ಕನಿಷ್ಠ 320 ಎಂಬಿ ಖಾಲಿ ಬೇಕು. ಸಿಕ್ಕಿಬೀಳುವುದು ಸಾಮಾನ್ಯವಾಗಿ ‘ರಿಕವರಿ’ ಪಾರ್ಟಿಷನ್: ಅಳತೆ 500 ಎಂಬಿಗಿಂತ ತುಸು ಹೆಚ್ಚು, ಖಾಲಿ ಮಾತ್ರ ನೂರರೊಳಗೆ.

ಪಾರ್ಟಿಷನ್ ಅಳತೆ ಬದಲಿಸುವ ಗೋಜಿಗೆ ಹೋಗದೆ ಒಂದು ದಾರಿ ಇದೆ. ಆಡಳಿತಾಧಿಕಾರದೊಂದಿಗೆ ಕಮಾಂಡ್ ಪ್ರಾಂಪ್ಟ್ ತೆರೆದು ‘ರಿಏಜೆಂಟ್‌ಸಿ’ ಆದೇಶವನ್ನು (ಆರ್-ಇ-ಎ-ಜಿ-ಇ-ಎನ್-ಟಿ-ಸಿ), ಒಂದು ಖಾಲಿ ಬಿಟ್ಟು, ಮುಂಗೆರೆ (/) ಮತ್ತು ‘ಡಿಸೇಬಲ್’ (disable) ಪದದೊಂದಿಗೆ ಕೊಡಿ. ರಿಕವರಿ ಕಡತ ಸಿ ಡ್ರೈವಿಗೆ ಸರಿದು ಆ ಪಾರ್ಟಿಷನ್ನಿನಲ್ಲಿ ಜಾಗವಾಗುತ್ತದೆ. ಇಮೇಜ್ ಮುಗಿದ ಮೇಲೆ ಅದೇ ಆದೇಶವನ್ನು ‘ಎನೇಬಲ್’ (enable) ಪದದೊಂದಿಗೆ ಕೊಡಲೇಬೇಕು, ಮರೆತರೆ ವಿಂಡೋಸ್ ಕೆಟ್ಟ ದಿನ ರಿಕವರಿ ಪರದೆ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಈ ಸಿಸ್ಟಂ ಇಮೇಜ್ ಸೌಲಭ್ಯದ ಅಭಿವೃದ್ಧಿಯನ್ನು ವಿಂಡೋಸ್ 10ರ 1709 ಆವೃತ್ತಿಯಿಂದಲೇ ಕೈಬಿಟ್ಟಿದೆ ಎಂಬುದೂ ತಿಳಿದಿರಲಿ. ಮತ್ತೆ ಮತ್ತೆ ಸೋಲುತ್ತಿದ್ದರೆ ಅದರ ಜೊತೆ ಗುದ್ದಾಡುವ ಬದಲು ಇಮೇಜ್ ತೆಗೆಯುವ ಬೇರೆ ತಂತ್ರಾಂಶಕ್ಕೆ ಹೋಗುವುದು ಮೇಲು.

ಸಂಖ್ಯೆ 80070070 ಆದರೆ ಆಗ ನಿಜವಾಗಿ ಡಿಸ್ಕ್ ತುಂಬಿದೆ. ಶ್ಯಾಡೊ ಕಾಪಿಯ ಮಿತಿ ಸಾಲದೆ ಈವೆಂಟ್ ವ್ಯೂವರಿನಲ್ಲಿ ‘ವಾಲ್‌ಸ್ನ್ಯಾಪ್ 36’ ಕಂಡರೆ, ‘ಸಿಸ್ಟಂ ಪ್ರೊಟೆಕ್ಷನ್’ ಕಿಟಕಿಯಲ್ಲಿ ಸಂಬಂಧಪಟ್ಟ ಡ್ರೈವ್ ಆರಿಸಿ ‘ಕಾನ್ಫಿಗರ್’ ಒತ್ತಿ ಜಾಗದ ಮಿತಿಯ ಸ್ಲೈಡರನ್ನು ಬಲಕ್ಕೆ ಸರಿಸಿ.

ಫೈಲ್ ಹಿಸ್ಟರಿಯ ತೊಂದರೆಗಳು

ವಿಂಡೋಸ್ 11ರಲ್ಲಿ ‘ವಿಂಡೋಸ್ ಬ್ಯಾಕಪ್’ ಎಂಬ ಆ್ಯಪ್ ಇದೆ. ಅದು ಕಳಿಸುವುದು ಒನ್‌ಡ್ರೈವಿಗೆ, ನಿಮ್ಮ ಎಕ್ಸ್‌ಟರ್ನಲ್ ಡ್ರೈವಿಗಲ್ಲ. ಡ್ರೈವಿಗೆ ಕಡತ ಕಾಪಿ ಮಾಡುವ ಫೈಲ್ ಹಿಸ್ಟರಿ ಈಗ ಕಂಟ್ರೋಲ್ ಪ್ಯಾನೆಲ್ಲಿನಲ್ಲಿದೆ.

‘ಡ್ರೈವ್ ಮತ್ತೆ ಸಿಕ್ಕಿಸಿ’ ಎಂಬ ಸಂದೇಶ, ಸಿಕ್ಕಿಸಿದ ಮೇಲೂ ಹೋಗದಿದ್ದರೆ ಫೈಲ್ ಹಿಸ್ಟರಿಯ ಸಂರಚನೆ (ಸೆಟ್ಟಿಂಗ್ ಕಡತ) ಕೆಟ್ಟಿರಬಹುದು. ಫೈಲ್ ಹಿಸ್ಟರಿಯನ್ನು ‘ಟರ್ನ್ ಆಫ್’ ಮಾಡಿ. ನಿಮ್ಮ ಬಳಕೆದಾರ ಫೋಲ್ಡರಿನಲ್ಲಿ ಅಡಗಿರುವ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫೈಲ್‌ಹಿಸ್ಟರಿ ಎಂದು ಇಳಿದು ‘ಕಾನ್ಫಿಗರೇಷನ್’ ಫೋಲ್ಡರನ್ನು ಬೇರೆ ಹೆಸರಿಗೆ ಬದಲಿಸಿ. ಮತ್ತೆ ಫೈಲ್ ಹಿಸ್ಟರಿ ತೆರೆದು ಡ್ರೈವ್ ಆರಿಸುವಾಗ ಹಳೆಯ ಬ್ಯಾಕಪ್ ಮುಂದುವರಿಸುವ ಆಯ್ಕೆಗೆ ಗುರುತು ಹಾಕಿ. ಡ್ರೈವಿನ ಮೇಲಿರುವ ‘ಫೈಲ್‌ಹಿಸ್ಟರಿ’ ಫೋಲ್ಡರನ್ನು ಅಳಿಸಬಾರದು, ಹಳೆಯ ಪ್ರತಿಗಳೆಲ್ಲ ಇರುವುದು ಅಲ್ಲೇ.

ಬ್ಯಾಕಪ್ ಆಯಿತೆಂದು ಹೇಳಿಯೂ ಕೆಲವು ಕಡತ ಮಾತ್ರ ಬಿಟ್ಟುಹೋಗುವುದು ಇನ್ನೊಂದು ಬಗೆ. ಕನ್ನಡದಲ್ಲಿ ಕಡತಕ್ಕೆ ಹೆಸರಿಡುವವರು ಇದನ್ನು ಗಮನಿಸಬೇಕು. ಫೈಲ್ ಹಿಸ್ಟರಿಗೆ ಇಡೀ ಹಾದಿಯ ಉದ್ದ ಸುಮಾರು 260 ಸಂಕೇತಗಳನ್ನು ಮೀರಬಾರದು. ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡದ ಒಂದು ಅಕ್ಷರ ಒಂದೇ ಸಂಕೇತವಲ್ಲ. ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಆರು ಸಂಕೇತ. ಇದರ ಮೇಲೆ ಫೈಲ್ ಹಿಸ್ಟರಿ ತನ್ನ ಫೋಲ್ಡರುಗಳ ಹೆಸರನ್ನು ಮುಂದಕ್ಕೂ, ದಿನಾಂಕ ಮತ್ತು ಸಮಯದ 26 ಸಂಕೇತಗಳನ್ನು ಕಡತದ ಹೆಸರಿನ ಕೊನೆಗೂ ಸೇರಿಸುತ್ತದೆ. ಹೀಗಾಗಿ ಮೂಲದಲ್ಲಿ ಚೆನ್ನಾಗಿ ತೆರೆದುಕೊಳ್ಳುವ ‘ಕುಟುಂಬದ ಆಸ್ತಿ ಪತ್ರಗಳು’ ಎಂಬಂಥ ಫೋಲ್ಡರಿನೊಳಗಿನ ಉದ್ದ ಹೆಸರಿನ ಸ್ಕ್ಯಾನ್‌ಗಳೇ ಬ್ಯಾಕಪ್‌ನಲ್ಲಿ ಇರುವುದಿಲ್ಲ. ಫೈಲ್ ಹಿಸ್ಟರಿಯ ಸುಧಾರಿತ ಸೆಟ್ಟಿಂಗ್ ಪುಟದ ಕೆಳಗಿರುವ ಈವೆಂಟ್ ಲಾಗ್ ಕೊಂಡಿ ಒತ್ತಿದರೆ ಬಿಟ್ಟುಹೋದವುಗಳ ಪಟ್ಟಿ ಸಿಗುತ್ತದೆ. ಕನ್ನಡದ ಹೆಸರನ್ನು ಬಿಡಬೇಕಿಲ್ಲ. ಫೋಲ್ಡರಿನೊಳಗೆ ಫೋಲ್ಡರ್ ಪೇರಿಸುವುದನ್ನು ಕಡಿಮೆ ಮಾಡಿ, ಹೆಸರನ್ನು ಎರಡು ಮೂರು ಪದಕ್ಕೆ ಇಳಿಸಿ.

ಒನ್‌ಡ್ರೈವಿನಲ್ಲಿ ಮೋಡದ ಗುರುತಷ್ಟೇ ಇರುವ ಕಡತಗಳು ಕಂಪ್ಯೂಟರಿನಲ್ಲಿಲ್ಲ, ಆದ್ದರಿಂದ ಬ್ಯಾಕಪ್‌ಗೂ ಹೋಗುವುದಿಲ್ಲ. ಅವನ್ನು ‘ಸದಾ ಈ ಸಾಧನದಲ್ಲಿರಲಿ’ ಎಂದು ಮಾಡಿ.

ನಿಗದಿತ ವೇಳೆಗೆ ಶುರುವಾಗದೇ ಇದ್ದರೆ

ನಿಗದಿತ ವೇಳೆಗೆ ಕೆಲಸ ಶುರು ಮಾಡುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿನಲ್ಲಿ ಬ್ಯಾಕಪ್ ಕೆಲಸದ ‘ಕಂಡಿಷನ್ಸ್’ ನೋಡಿ. ‘ಎಸಿ ವಿದ್ಯುತ್ತಿನಲ್ಲಿದ್ದರೆ ಮಾತ್ರ ಶುರು ಮಾಡು’ ಎಂಬುದಕ್ಕೆ ಮೊದಲೇ ಗುರುತು ಬಿದ್ದಿರುತ್ತದೆ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದ ಸಂಜೆ ಬ್ಯಾಕಪ್ ಆಗದಿರಲು ಇದೇ ಕಾರಣ. ‘ಸೆಟ್ಟಿಂಗ್ಸ್’ ಪುಟದಲ್ಲಿ ‘ತಪ್ಪಿಹೋದ ಕೆಲಸವನ್ನು ಆದಷ್ಟು ಬೇಗ ನಡೆಸು’ ಎಂಬುದಕ್ಕೆ ಗುರುತು ಹಾಕಿ.

ಬ್ಯಾಕಪ್ ತಂತ್ರಾಂಶ ಹುಡುಕುವ ಡ್ರೈವ್ ಅಕ್ಷರ ಬದಲಾಗಿರಬಹುದು: ನಿನ್ನೆ ಇ, ಇಂದು ಪೆನ್‌ಡ್ರೈವ್ ಮೊದಲು ಸಿಕ್ಕಿಸಿದ್ದರಿಂದ ಎಫ್. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಬಲ ಕ್ಲಿಕ್ ಮಾಡಿ ಅದಕ್ಕೆ ವರ್ಣಮಾಲೆಯ ಕೊನೆಯ ಕಡೆಯ ಅಕ್ಷರ, ಉದಾಹರಣೆಗೆ ಟಿ, ಕೊಟ್ಟುಬಿಡಿ. ಬಿಟ್‌ಲಾಕರ್ (ವಿಂಡೋಸ್‌ನ ಗೂಢಲಿಪಿ ಬೀಗ) ಹಾಕಿದ ಡ್ರೈವಾದರೆ ಬೀಗ ತೆಗೆಯುವ ತನಕ ಯಾವ ಬ್ಯಾಕಪ್ಪೂ ನಡೆಯದು. ಈ ಕಂಪ್ಯೂಟರಿನಲ್ಲಿ ತಾನಾಗಿ ತೆರೆಯುವ ಆಯ್ಕೆಯನ್ನು ಬಿಟ್‌ಲಾಕರ್ ಪುಟದಲ್ಲಿ ಆನ್ ಮಾಡಿ.

ಮರಳಿ ತೆಗೆದು ನೋಡುವುದು

ಹಸಿರು ಗುರುತು ಬಂದ ಮೇಲೆ ಇನ್ನೊಂದು ಕೆಲಸ ಉಳಿದಿದೆ. ಬ್ಯಾಕಪ್‌ನಿಂದ ಐದಾರು ಕಡತಗಳನ್ನು, ಮೂಲ ಜಾಗಕ್ಕಲ್ಲದೆ ಡೆಸ್ಕ್‌ಟಾಪಿನ ಹೊಸ ಫೋಲ್ಡರೊಂದಕ್ಕೆ, ಮರಳಿ ತನ್ನಿ. ಒಂದು ಹಳೆಯ ಫೋಟೊ, ಈ ವಾರ ತಿದ್ದಿದ ಒಂದು ದಾಖಲೆ, ಒಂದು ದೊಡ್ಡ ವಿಡಿಯೋ, ಉದ್ದ ಕನ್ನಡ ಹೆಸರಿನದೊಂದು ಇರಲಿ. ತೆರೆದು ನೋಡಿ, ವಿಡಿಯೋವನ್ನು ಕೊನೆಯ ಭಾಗಕ್ಕೆ ಸರಿಸಿ ನೋಡಿ. ಸಿಸ್ಟಂ ಇಮೇಜ್ ಆದರೆ ರಿಕವರಿ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿ, ಅಲ್ಲಿ ಎಕ್ಸ್‌ಟರ್ನಲ್ ಡ್ರೈವಿನ ಇಮೇಜ್ ಪಟ್ಟಿಯಲ್ಲಿ ಕಾಣುವ ತನಕ ಹೋಗಿ, ಮುಂದುವರಿಸದೆ ಹೊರಬನ್ನಿ. ಇಮೇಜ್ ಇರುವ ‘ವಿಂಡೋಸ್‌ಇಮೇಜ್‌ಬ್ಯಾಕಪ್’ ಫೋಲ್ಡರಿನ ಹೆಸರು ಬದಲಿಸಿದ್ದರೆ ಅಥವಾ ಅದನ್ನು ಇನ್ನೊಂದು ಫೋಲ್ಡರಿನೊಳಗೆ ಸರಿಸಿದ್ದರೆ ಅದು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಆಮೇಲೆ ಡ್ರೈವನ್ನು ಇಜೆಕ್ಟ್ ಮಾಡಿ ಕಳಚಿಡಿ. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಂವೇರ್ ಬಂದರೆ, ಸಿಕ್ಕಿಸಿಯೇ ಇಟ್ಟ ಡ್ರೈವಿನ ಬ್ಯಾಕಪ್ಪಿಗೂ ಅದು ಕೈ ಹಾಕುತ್ತದೆ. ಸಾಧ್ಯವಿದ್ದರೆ ಇಂಥ ಡ್ರೈವುಗಳು ಎರಡಿರಲಿ. ವಾರಕ್ಕೊಂದರಂತೆ ಬದಲಿಸಿ ಬಳಸುತ್ತಾ, ಬಿಡುವಿನಲ್ಲಿರುವುದನ್ನು ಬೇರೊಂದು ಮನೆಯಲ್ಲೋ ಕಚೇರಿಯ ಬೀರುವಿನಲ್ಲೋ ಇಡಿ.